ಕೋವಿ ಅಂಕಲ್ಲಿಗೆ ಒಂದು ಕುರ್ಚಿ

ಕಳೆದ ತಿಂಗಳು ಕೋವಿ ಅಂಕಲ್ ಸ್ಯಾನ್ ಡಿಯಾಗೋದ ಮನೆ ಮಾರಿ ಮಗಳ ಊರಿಗೆ ಹೊರಟುಹೋದರು. ಅಂದಿನಿಂದ ನನಗೆ ಕೆಲಸವಿಲ್ಲ. ಒಬ್ಬ ಮನುಷ್ಯನನ್ನು ವರ್ಷಗಟ್ಟಲೆ ಕಾಡಿಸಿ ಅಭ್ಯಾಸವಾದ ಮೇಲೆ, ಇನ್ನು ಅವನು ಸಿಗುವುದಿಲ್ಲ ಎಂದರೆ ಕೈಕಾಲೇ ಆಡುವುದಿಲ್ಲ. ನನ್ನ ಹೆಂಡತಿ, "ನನ್ನ ಹತ್ರ ಬರ್ಬೇಡಿ, ಬೇರೆ ಯಾರನ್ನಾದ್ರೂ ಹುಡ್ಕೊಳ್ಳಿ" ಎಂದಿದ್ದಾಳೆ. ಹುಡುಕುತ್ತಿದ್ದೇನೆ. ಆದರೆ ಅಂಥ ಮಾಲು ಸುಲಭಕ್ಕೆ ಸಿಗುವುದಿಲ್ಲ.

ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ಫೋನ್ ಮಾಡಿ ಬೈಯುತ್ತಾರೆ, ಹೇಳದಿದ್ದರೂ ಬೈಯುತ್ತಾರೆ. ಹೇಳದೆ ಬೈಸಿಕೊಳ್ಳುವುದರಲ್ಲಿ ಶ್ರಮ ಕಡಿಮೆ. ನಿಜ ಹೇಳಬೇಕೆಂದರೆ ಅವರು ನನಗಿಂತ ಎರಡು ವರ್ಷ ಚಿಕ್ಕವರು. ಆದರೂ ಪಕ್ಕಪಕ್ಕದಲ್ಲಿ ನಿಂತರೆ ನಾನೇ ಹತ್ತು ವರ್ಷ ಚಿಕ್ಕವನ ಹಾಗೆ ಕಾಣುತ್ತೇನೆ. ಅದಕ್ಕೇ 'ಅಂಕಲ್' ಎಂದು ಶುರು ಮಾಡಿದವನು ನಾನು. ಮಕ್ಕಳು ಹಿಡಿದುಕೊಂಡರು, ಆಮೇಲೆ ಅವರ ತಂದೆತಾಯಿ, ಕೊನೆಗೆ ಪುರೋಹಿತರೂ ಸಂಕಲ್ಪ ಹೇಳಿಸುವಾಗ ಒಮ್ಮೆ "ಕೋವಿ ಅಂಕಲ್, ಗೋತ್ರ ಹೇಳಿ" ಎಂದುಬಿಟ್ಟರು.

'ಕೋವಿ' ಅವರ ಹೆಸರಿಗೆ ಅಂಟಿಕೊಂಡದ್ದು ಹುಟ್ಟಿನಿಂದ. ಕೊಡಗಿನವರು. ಅಲ್ಲಿ ಕೈಲ್ಪೊಳ್ದ್ ಹಬ್ಬಕ್ಕೆ ಮನೆಯ ಕೋವಿಯನ್ನು ಒರೆಸಿ, ಹೂವಿಟ್ಟು ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಸ್ಯಾನ್ ಡಿಯಾಗೋದಲ್ಲೂ ಅವರು ಹಬ್ಬ ಬಿಟ್ಟವರಲ್ಲ. ಆದರೆ ಅಲ್ಲಿ ಗುಂಡು ಹೊಡೆದು ಅಭ್ಯಾಸ ಮಾಡುವ ಶೂಟಿಂಗ್ ರೇಂಜಿನ ಮ್ಯಾನೇಜರು ತೆಂಗಿನಕಾಯಿ ತರಬೇಡಿ, ಚೂರು ಆರಿಸುವವರು ಯಾರು ಎಂದುಬಿಟ್ಟ. ಹಾಗಾಗಿ ಕಾಗದದ ಮೇಲೆ ತೆಂಗಿನಕಾಯಿ ಬರೆದುಕೊಂಡು ಹೋಗುತ್ತಿದ್ದರು. ಒಂದು ವರ್ಷ ಆ ಕಾಯಿ ಬರೆದುಕೊಡುವ ಕೆಲಸ ನಾನು ವಹಿಸಿಕೊಂಡೆ. ಕಾಯಿಗೆ ಮೂರು ಕಣ್ಣು ಇಟ್ಟು, ಕೆಳಗೆ ಅವರದೇ ಪೊದೆ ಮೀಸೆ ಬರೆದು, ಸುತ್ತಿ ಕೊಟ್ಟೆ. ರೇಂಜಿನಲ್ಲಿ ಬಿಚ್ಚಿ ನೋಡಿದರು. ತಗುಲಿಹಾಕಿ, ನಿಧಾನವಾಗಿ ಹೊಡೆದು, ಕಾಗದ ತಂದು ನನ್ನ ಕೈಗಿತ್ತರು. ಕಾಯಿ ಪೂರ್ತಿ ಜರಡಿಯಾಗಿತ್ತು. ಮೀಸೆಯ ಒಂದು ಕೂದಲೂ ಕೊಂಕಿರಲಿಲ್ಲ.

"ಮೀಸೆ ಚೆನ್ನಾಗಿ ಬರ್ದಿದ್ದೀರಿ ಯಜಮಾನ್ರೇ, ಹಾಳು ಮಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ" ಎಂದರು.

ನನ್ನನ್ನು ಸೋಲಿಸಿದವರು ಭೂಮಿಯ ಮೇಲೆ ಇಬ್ಬರೇ. ಇನ್ನೊಬ್ಬಳು ನನ್ನ ಹೆಂಡತಿ.

ನಾನಿರುವುದು ಅಲ್ಲಿಂದ ಉತ್ತರಕ್ಕೆ ಒಂದೂವರೆ ಗಂಟೆ ದಾರಿಯ ಸೆರಿಟೋಸಿನಲ್ಲಿ. ವುಡ್‌ಲ್ಯಾಂಡ್ ಹಿಲ್ಸಿನ ಆಫೀಸಿನಿಂದ ರಿಟೈರ್ ಆದ ಮೇಲೆ ಫ್ರೀವೇ ಮೇಲಿನ ಆಸೆ ಬಿಡಲಾಗದೆ, ತಿಂಗಳಿಗೆರಡು ಸಲವಾದರೂ ವ್ಯಾನ್ ಹತ್ತಿ ದಕ್ಷಿಣಕ್ಕೆ, ಅವರ ಊರಿಗೆ, ಇಳಿಯುತ್ತಿದ್ದೆ. ಅವರು ಟೆಲಿಕಾಂ ಇಂಜಿನಿಯರಾಗಿದ್ದವರು. ಎರಡು ಸಾವಿರದ ಇಪ್ಪತ್ತರಲ್ಲಿ, ಎಲ್ಲರೂ ಮಾಸ್ಕ್ ಹಾಕಿಕೊಂಡು ಬಾಗಿಲು ಹಾಕಿ ಕೂತಿದ್ದಾಗ, ಗನ್ ಅಂಗಡಿಗಳ ಮುಂದೆ ಮಾತ್ರ ಕ್ಯೂ ಇತ್ತಲ್ಲ, ಆಗ ಅವರಿಗೊಂದು ಹೊಸ ಉದ್ಯೋಗ ಸಿಕ್ಕಿತು. ಜೀವನದಲ್ಲಿ ಮೊದಲ ಸಲ ಬಂದೂಕು ಕೊಂಡವರಿಗೆ ಭಾನುವಾರ ರೇಂಜಿನಲ್ಲಿ ಪುಕ್ಕಟೆ ಪಾಠ. ನಮ್ಮ ಕನ್ನಡದವರೂ ಕೆಲವರು ಹೆಂಡತಿಗೆ ಹೇಳದೆ ಕೊಂಡು ಅಲ್ಲಿಗೆ ಹೋಗಿದ್ದರಂತೆ. ಯಾರು ಯಾರು ಎಂದು ನಾನು ಕಾಫಿ ಕೊಟ್ಟು ಕೇಳಿದೆ, ಹೋಳಿಗೆ ಕೊಟ್ಟು ಕೇಳಿದೆ. ಊಹೂಂ.

"ಡಾಕ್ಟ್ರು ಪೇಷಂಟ್ ಹೆಸರು ಹೇಳ್ತಾರಾ?" ಎನ್ನುತ್ತಿದ್ದರು.

ಆ ಪಾಠಗಳಿಂದಲೇ ಅವರ ರಾಜಕೀಯ ಶುರುವಾದದ್ದು. ಪಾಠ ಮುಗಿಸಿ ಕೂತಾಗ ರೇಂಜಿನವರೆಲ್ಲ ಸರ್ಕಾರವನ್ನು ಬೈಯುವರು. ಇವರು ಎಲ್ಲ ಕೇಳಿಸಿಕೊಂಡು ಕೊನೆಗೆ ಒಂದೇ ಪ್ರಶ್ನೆ ಹಾಕುವರು: ಪ್ರೈಮರಿಯಲ್ಲಿ ಓಟು ಹಾಕಿದ್ದೀರಾ? ಎಲ್ಲರೂ ಮೇಲೆ ಕೆಳಗೆ ನೋಡುವರು. ಪ್ರೈಮರಿ ಎಂದರೆ ನವೆಂಬರಿನ ದೊಡ್ಡ ಚುನಾವಣೆಗೆ ಮುಂಚೆ ನಡೆಯುವ ಚಿಕ್ಕ ಚುನಾವಣೆ. ಯಾರ ಹೆಸರು ಮುಂದಕ್ಕೆ ಹೋಗಬೇಕು, ಯಾರದು ಅಲ್ಲೇ ನಿಲ್ಲಬೇಕು ಎಂದು ತೀರ್ಮಾನವಾಗುವುದು ಅಲ್ಲಿ. ಅದಕ್ಕೆ ಬರುವವರು ಕಡಿಮೆ.

ಇಲ್ಲಿ ಎರಡು ಪಕ್ಷ. ಒಂದರ ಗುರುತು ಆನೆ, ಇನ್ನೊಂದರದು ಕತ್ತೆ. ಬಂದೂಕಿನವರು ಸಾಮಾನ್ಯವಾಗಿ ಆನೆಯ ಹಿಂದೆ. ಕೋವಿ ಅಂಕಲ್ ಇದ್ದ ಏರಿಯಾದಲ್ಲಿ ಯಾವಾಗಲೂ ಗೆಲ್ಲುವುದು ಕತ್ತೆ. ಶಾಲೆ, ಆಸ್ಪತ್ರೆ, ವೀಸಾ ಎಲ್ಲದರಲ್ಲೂ ಕತ್ತೆಯೇ ಸರಿ ಎಂದು ನಂಬಿ ಸಿಟಿಜನ್ ಆದ ದಿನದಿಂದ ಅದೇ ಪಕ್ಷದಲ್ಲಿದ್ದವರು ಅವರು. ಆದರೆ ಬಂದೂಕಿಗೆ ಕಡಿವಾಣ ಬೇಕೆನ್ನುವ ಪಕ್ಷ ಅದು; ಬಂದೂಕಿನ ವಿಷಯ ಬಂದಾಗ ಮಾತ್ರ ಮನೆಯಲ್ಲಿ ಒಬ್ಬನೇ ಮಾಂಸ ತಿನ್ನುವವನ ಹಾಗೆ ಆಗುತ್ತಿತ್ತು ಅವರ ಸ್ಥಿತಿ. ಆ ಪಕ್ಷಕ್ಕೆ ಕೌಂಟಿ, ಅಂದರೆ ಜಿಲ್ಲೆಯ, ಮಟ್ಟದಲ್ಲಿ ಒಂದು ಸಮಿತಿ ಇದೆ. ಊರಿನ ಚುನಾವಣೆಗಳಲ್ಲಿ ಯಾರಿಗೆ ಪಕ್ಷದ ಬೆಂಬಲ ಎಂದು ತೀರ್ಮಾನಿಸುವುದು ಅದು. ಆ ಸಮಿತಿಯ ಕುರ್ಚಿಗಳಿಗೂ ಪ್ರೈಮರಿಯಲ್ಲೇ ಓಟು. ಹಾಕುವ ಹಕ್ಕು ಪಕ್ಷದಲ್ಲಿ ಹೆಸರು ಬರೆಸಿದವರಿಗೆ ಮಾತ್ರ.

"ಆ ರೂಮಲ್ಲಿ ಕೂತು ಗನ್ ಬಗ್ಗೆ ಗಂಟೆಗಟ್ಲೆ ಮಾತಾಡ್ತಾರೆ. ಮುಟ್ಟಿ ನೋಡಿದವ್ರು ಒಬ್ರೂ ಇಲ್ಲ. ನನಗೆ ಅಲ್ಲಿ ಒಂದು ಕುರ್ಚಿ ಬೇಕು. ಅಷ್ಟೇ" ಎಂದರು ಒಂದು ದಿನ.

ಇಪ್ಪತ್ತನಾಲ್ಕರ ಮಾರ್ಚ್ ಪ್ರೈಮರಿಗೆ ನಿಂತೇಬಿಟ್ಟರು. ಪ್ರಚಾರದ ಮ್ಯಾನೇಜರ್ ನಾನು. ಯಾರೂ ನೇಮಿಸಲಿಲ್ಲ. ಇಂಥ ಪ್ರತಿಭೆಗೆ ನೇಮಕ ಯಾಕೆ ಬೇಕು.

ಮ್ಯಾನೇಜರಾಗಿ ನಾನು ಮಾಡಿದ ಮೊದಲ ಕೆಲಸ ಅವರನ್ನು ಪರೀಕ್ಷಿಸುವುದು. ಮಗನ ಫೋನಿನಿಂದ, ಮೂಗು ಹಿಡಿದುಕೊಂಡು, ಅಪ್ಪಟ ಅಮೆರಿಕನ್ ಇಂಗ್ಲಿಷಿನಲ್ಲಿ ರೇಡಿಯೋದವನು ಎಂದು ಹೇಳಿಕೊಂಡು ಫೋನ್ ಹಚ್ಚಿದೆ. ಸರ್, ಬಂದೂಕು ಇಟ್ಟುಕೊಂಡವರು ನೀವು, ಆನೆ ಬಿಟ್ಟು ಕತ್ತೆಯ ಜೊತೆ ಏನು ಮಾಡುತ್ತಿದ್ದೀರಿ ಎಂದೆ.

ಅವರೂ ಗಂಭೀರವಾಗಿ ಇಂಗ್ಲಿಷಿನಲ್ಲೇ ಶುರು ಮಾಡಿದರು. ಸ್ವಾಮಿ, ನಮ್ಮ ಏರಿಯಾದಲ್ಲಿ ನವೆಂಬರ್ ಅಂದರೆ ಮದುವೆ ಊಟ. ಹುಡುಗಿ ನೋಡಿ ಒಪ್ಪಿಕೊಳ್ಳುವುದು ಮಾರ್ಚಿನಲ್ಲಿ. ಗನ್ ಇರುವವರು ಮಾರ್ಚಿನಲ್ಲಿ ಮನೆಯಲ್ಲಿ ಕೂತಿರುತ್ತಾರೆ, ನವೆಂಬರಿನಲ್ಲಿ ಊಟಕ್ಕೆ ಬಂದು ಹುಡುಗಿ ಸರಿಯಿಲ್ಲ ಅನ್ನುತ್ತಾರೆ. ಹುಡುಗಿ ನೋಡುವ ದಿನ ಜನ ಕಡಿಮೆ, ಆವತ್ತು ಹೋದವನ ಮಾತಿಗೆ ತೂಕ ಜಾಸ್ತಿ. ಹತ್ತು ಜನ ಒಂದೇ ಮಾತು ಹಿಡಿದು ಹೋದರೆ ಮನೆಯವರು ಎದ್ದು ನಿಂತು ಕುರ್ಚಿ ಕೊಡುತ್ತಾರೆ. ಆದರೆ ಕಳ್ಳತನದಿಂದ ಹೋಗಬಾರದು. ಬೀಗರಾಗಿ ಹೋದಮೇಲೆ ಬೀಗರಾಗಿಯೇ ಇರಬೇಕು, ಊಟ ಮುಗಿಸಿ ಎದ್ದು ಓಡುವುದಲ್ಲ.

ಅಮೆರಿಕದ ರೇಡಿಯೋದವನಿಗೆ ಬೀಗರ ವಿಷಯ ಯಾಕೆ ಹೇಳುತ್ತಿದ್ದಾರೆ ಎಂದು ನಾನು ಯೋಚಿಸುವಷ್ಟರಲ್ಲಿ, "ಊಟ ಆಯ್ತಾ ಯಜಮಾನ್ರೇ?" ಎಂದರು, ಕನ್ನಡದಲ್ಲಿ. "ಪ್ರಾಕ್ಟೀಸ್ ಮಾಡ್ಲಿಕ್ಕೆ ಯಾರೂ ಸಿಕ್ಕಿರ್ಲಿಲ್ಲ. ಒಳ್ಳೆ ಟೈಮಿಗೆ ಮಾಡಿದ್ರಿ."

ರೇಂಜಿನಲ್ಲಿ ಅವರ ಮೊದಲ ಶಿಷ್ಯ ನೌಕಾಪಡೆಯಲ್ಲಿದ್ದು ನಿವೃತ್ತನಾದ ಒಬ್ಬ ದಢೂತಿ ಬಿಳಿಯ. ಕತ್ತೆಗೆ ಹೆಸರು ಬರೆಸಿದರೆ ನಮ್ಮ ತಾತ ಗೋರಿಯಿಂದ ಎದ್ದು ಬರುತ್ತಾನೆ ಎಂದನಂತೆ. ಬರಲಿ, ಅವರ ಹೆಸರನ್ನೂ ಬರೆಸೋಣ ಎಂದರಂತೆ ಇವರು. ಆರು ತಿಂಗಳು ಗೊಣಗಿ ಕೊನೆಗೆ ಬರೆಸಿದ. ಅವನ ಹಿಂದೆ ಇನ್ನೂ ಕೆಲವರು. ಹೆಚ್ಚಲ್ಲ. ಆನೆಯವರು ಇವರನ್ನು ದ್ರೋಹಿ ಎಂದರು, ಕತ್ತೆಯವರು ಬೇಹುಗಾರ ಎಂದರು. ಲೈಬ್ರರಿಯಲ್ಲಿ ಅಭ್ಯರ್ಥಿಗಳನ್ನು ಪರಿಚಯಿಸುವ ಸಂಜೆ, ಆಗಲೇ ಸಮಿತಿಯಲ್ಲಿದ್ದ ನಿವೃತ್ತ ಶಾಲಾ ಟೀಚರೊಬ್ಬರು ಎಲ್ಲರ ಎದುರಿಗೇ, ನಿಮ್ಮಂಥವರ ಕಾಟಕ್ಕೇ ನಾನು ಈ ಪಕ್ಷಕ್ಕೆ ಬಂದದ್ದು ಎಂದರು. ಕೋವಿ ಅಂಕಲ್ ಎದ್ದು ತಲೆ ಬಾಗಿಸಿ, ಹಾಗಾದರೆ ಪಕ್ಷಕ್ಕೆ ನನ್ನಿಂದ ಆಗಲೇ ಒಂದು ಲಾಭವಾಗಿದೆ ಎಂದರು. ಆಕೆಗೂ ನಗು ಬಂತು. ನಕ್ಕದ್ದಕ್ಕೆ ತಮ್ಮ ಮೇಲೇ ಸಿಟ್ಟು ಮಾಡಿಕೊಂಡು ಕೂತರು.

ನಿಜವಾಗಿ ಅವರನ್ನು ತಟ್ಟಿದ ಮಾತು ಬಂದದ್ದು ನಮ್ಮವರಿಂದಲೇ. ಸಂಕ್ರಾಂತಿಯ ದಿನ ಅಲ್ಲಿಯ ಕನ್ನಡ ಬಳಗದವರಿಗೆ ಎಳ್ಳುಬೆಲ್ಲ ಹಂಚುತ್ತ ಓಟು ಕೇಳುತ್ತಿದ್ದೆವು. ಧಾರವಾಡದ ದಂಪತಿಯ ಮಗಳು, ಹೈಸ್ಕೂಲಿನ ಹುಡುಗಿ, ಎಳ್ಳುಬೆಲ್ಲ ಕೈಯಲ್ಲಿ ಹಿಡಿದುಕೊಂಡು ಇಂಗ್ಲಿಷಿನಲ್ಲಿ ಕೇಳಿದಳು: ಅಂಕಲ್, ಯಾರಾದರೂ ಗನ್ ಹಿಡಿದು ಬಂದರೆ ಹೇಗೆ ಅಡಗಿಕೊಳ್ಳಬೇಕು ಅಂತ ನಮಗೆ ಶಾಲೆಯಲ್ಲಿ ಕಲಿಸುತ್ತಾರೆ. ಲೈಟ್ ಆರಿಸಿ ಡೆಸ್ಕ್ ಕೆಳಗೆ ಕೂರುತ್ತೇವೆ. ಅಮ್ಮ ನಿಮಗೆ ಯಾಕೆ ಓಟು ಹಾಕಬೇಕು?

ಅವಳ ತಾಯಿ, "ಏ, ಹಿರಿಯರ ಜೋಡಿ ಹಿಂಗ ಮಾತಾಡ್ತಾರೇನ?" ಎಂದು ಗದರಿದರು.

"ಬೈಬೇಡಿ" ಎಂದರು ಕೋವಿ ಅಂಕಲ್. ಎಳ್ಳುಬೆಲ್ಲದ ತಟ್ಟೆ ಕೆಳಗಿಟ್ಟರು. ಆಮೇಲೆ ಹುಡುಗಿಗೆ, "ನೀನು ಕೇಳಿದ್ದು ಸರಿ ಮಗಾ. ಆ ರೂಮಲ್ಲಿ ನಿನ್ನ ಪ್ರಶ್ನೆ ಕೇಳುವವ್ರು ತುಂಬ ಜನ ಇದ್ದಾರೆ. ಅದಕ್ಕೆ ಉತ್ರ ಕೊಡ್ಬೇಕಾದವ್ನು ಒಬ್ಬನೂ ಇಲ್ಲ. ನಾನು ಹೋಗಿ ಕೂತ್ಕೋತೇನೆ, ಅವ್ರು ನನ್ನನ್ನ ಕೇಳ್ಲಿ" ಎಂದರು. ಹುಡುಗಿ ಒಪ್ಪಿದಳೋ ಇಲ್ಲವೋ, ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡಳು.

ಆವತ್ತು ಎಲ್ಲರೂ ಮಾತು ಕೊಟ್ಟರು. ಖಂಡಿತ ಅಂಕಲ್, ಅದನ್ನೇನು ಕೇಳ್ತೀರಿ, ನಮ್ಮವರಿಗಲ್ಲದೆ ಇನ್ಯಾರಿಗೆ. ನಾನು ಗೆಲುವು ಘೋಷಿಸಿಬಿಟ್ಟೆ.

ಫೆಬ್ರವರಿಯಲ್ಲಿ ಎಲ್ಲರ ಮನೆಗೂ ಅಂಚೆಯಲ್ಲಿ ಬ್ಯಾಲಟ್ ಬಂತು. ಓಟು ಹಾಕಿ ಕಳಿಸಬಹುದು, ಅಥವಾ ಚುನಾವಣೆಯ ದಿನ ಮತಗಟ್ಟೆಗೆ ಹೋಗಬಹುದು. ಮಂಗಳವಾರ ಚುನಾವಣೆ, ಅದರ ಹಿಂದಿನ ಭಾನುವಾರ ನಾನು ಧಾರವಾಡದವರ ಮನೆಗೆ ಊಟಕ್ಕೆ ಹೋಗಿದ್ದೆ. ಮನೆಯಾಕೆ ಎಂಥ ಶಿಸ್ತಿನವರೆಂದರೆ ಬಿಲ್ ಬರುವ ಮೊದಲೇ ಕಟ್ಟುವವರು. ಗಂಡ ಅದಕ್ಕೆ ಉಲ್ಟಾ. ಸುಮ್ಮನೆ ರೇಗಿಸೋಣವೆಂದು, "ಏನ್ರಿ, ಅಂಕಲ್ಲಿಗೆ ಓಟು ಹಾಕಿದ್ರೋ, ಇಲ್ಲ ಟೀಚರಿಗೆ ಹಾಕಿದ್ರೋ?" ಎಂದೆ.

ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. "ನಿಮಗ ಗೊತ್ತಿಲ್ಲೇನ್ರಿ? ಪಾಪ, ಅಂಕಲ್ ಹೆಸರ ಇರ್ಲಿಲ್ರಿ ಅದರಾಗ."

"ಇರ್ಲಿಲ್ವಾ?"

"ಇರ್ಲಿಲ್ರಿ. ಹಿಂದ ಮುಂದ ಎಲ್ಲಾ ನೋಡಿದೆ. ಅರ್ಜಿ ರಿಜೆಕ್ಟ್ ಆಗೇತಿ ಅಂತ ಅನ್ಕೊಂಡ್ವಿ. ಅವ್ರ ಮಾರಿ ಮುಂದ ಹ್ಯಾಂಗ ಕೇಳೋದು, ನೊಂದ್ಕೋತಾರ ಅಂತ ಎಲ್ಲಾರೂ ಸುಮ್ಮನಿದ್ದೀವಿ."

ಎಲ್ಲಾರೂ. ಮೂರು ವಾರದಿಂದ ಇಡೀ ಕನ್ನಡ ಬಳಗ ಒಬ್ಬರಿಗೊಬ್ಬರು ಫೋನ್ ಮಾಡಿ, ಪಾಪ ಅಂಕಲ್ ಎಂದುಕೊಂಡು, ಅಂಕಲ್ ಎದುರಿಗೆ ಸಿಕ್ಕಾಗ ಹವಾಮಾನದ ಮಾತಾಡಿ, ಮರ್ಯಾದೆಯಿಂದ ಬಾಯಿ ಮುಚ್ಚಿಕೊಂಡಿತ್ತು. ಇಂಥ ಒಗ್ಗಟ್ಟನ್ನು ಸಂಘದ ಚಂದಾ ವಸೂಲಿಯಲ್ಲಿ ನಾನೆಂದೂ ಕಂಡಿಲ್ಲ.

ವಿಷಯ ಇಷ್ಟೇ. ಸಿಟಿಜನ್ ಆದ ದಿನ ಮತದಾರರ ಅರ್ಜಿಯಲ್ಲಿ ಯಾವ ಪಕ್ಷ ಎಂದು ಕೇಳಿದಾಗ ನಮ್ಮವರೆಲ್ಲ 'ಯಾವುದೂ ಬೇಡ' ಎಂದು ಗುರುತು ಹಾಕಿದ್ದರು. ವರ್ಷಗಟ್ಟಲೆ ವೀಸಾ ಅರ್ಜಿ ತುಂಬಿದ ಕೈಗಳು. ಯಾವ ಗುರುತಿನಿಂದ ಮುಂದೆ ಏನು ತೊಂದರೆಯೋ, ಯಾರಿಗೂ ಬೇಜಾರಾಗದ ಖಾನೆ ಯಾವುದೋ ಅದೇ ಕ್ಷೇಮ. ಹಾಗಾಗಿ ಸಮಿತಿಯ ಚುನಾವಣೆ ಅವರ ಬ್ಯಾಲಟಿನಲ್ಲಿ ಇರಲೇ ಇಲ್ಲ.

ಊಟ ಅರ್ಧಕ್ಕೆ ಬಿಟ್ಟು, ಅಂದರೆ ರೊಟ್ಟಿ ಕಟ್ಟಿಸಿಕೊಂಡು, ಅಂಕಲ್ ಮನೆಗೆ ಓಡಿದೆ. ಕೋವಿ ಅಂಕಲ್ ಗರಾಜಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಹೇಳಿದೆ. ನಾನು ಅಷ್ಟು ವರ್ಷ ಎಷ್ಟು ಪ್ರಯತ್ನಪಟ್ಟರೂ ಆಗದ್ದು ಆವತ್ತು ಆಯಿತು: ಅವರಿಗೆ ತಿರುಗಿಸಿ ಹೇಳಲು ಮಾತು ಸಿಗಲಿಲ್ಲ. ನನಗೆ ಯಾವ ಖುಷಿಯೂ ಆಗಲಿಲ್ಲ.

"ರೇಂಜಿನವರಿಗೆಲ್ಲ ನಾಲ್ಕು ವರ್ಷದಿಂದ ಇದನ್ನೇ ಬಡ್ಕೊಂಡೆ. ಮೊದ್ಲು ಪಕ್ಷದಲ್ಲಿ ಹೆಸ್ರು ಬರೆಸಿ ಅಂತ. ನಮ್ಮವ್ರನ್ನ ಕೇಳ್ಲೇ ಇಲ್ಲ ನೋಡಿ" ಎಂದರು, ಆಮೇಲೆ. "ಹೋಯ್ತು ಬಿಡಿ ಕುರ್ಚಿ."

ಆಂಟಿ ಕಾಫಿ ತಂದರು. ಕೋವಿ ಅಂಕಲ್ ಅವರ ಹೆಂಡತಿ ಬಂದೂಕು ಮುಟ್ಟಿದವರಲ್ಲ, ಗಂಡನ ಪ್ರಚಾರಕ್ಕೂ ಬಂದವರಲ್ಲ. ತಮ್ಮ ಓಟು ಯಾರಿಗೆಂದು ಕೇಳಿದರೆ, ಹೇಳಿದ್ರೆ ಅದು ಓಟು ಹೇಗಾಗ್ತದೆ ಎನ್ನುವವರು. ಲೋಟ ಕೆಳಗಿಟ್ಟು, "ಬ್ಯಾಲಟ್ ಕಳಿಸಿದವ್ರದ್ದು ಹೋಯ್ತು. ಕಳಿಸ್ದೇ ಇರೋರು ಮಂಗಳವಾರ ಮತಗಟ್ಟೆಗೆ ಹೋಗಿ ಅಲ್ಲೇ ಪಕ್ಷ ಬದ್ಲಾಯಿಸಿ ಓಟು ಹಾಕ್ಬಹುದು. ಅದ್ರ ಜೊತೆ ಬಂದ ಪುಸ್ತಕದಲ್ಲಿ ಉಂಟು. ನೀವಿಬ್ರು ಓದ್ಲಿಲ್ವಾ?" ಎಂದರು.

ನಾವಿಬ್ಬರೂ ಕಾಫಿ ಕುಡಿದೆವು.

ಆಮೇಲಿನ ಎರಡು ದಿನ ನಾನು ಮಾಡಿದ ಕೆಲಸವನ್ನು ಬೇರೆ ಯಾರಾದರೂ ಮಾಡಿದ್ದರೆ ಪ್ರತಿಮೆ ನಿಲ್ಲಿಸುತ್ತಿದ್ದರು. ಬಳಗದಲ್ಲಿ ಸೋಮಾರಿಗಳು ಯಾರು ಯಾರೆಂದು ಹುಡುಕಬೇಕಿತ್ತು. ಅದುವರೆಗೆ ಬುದ್ಧಿವಂತರು, ಜವಾಬ್ದಾರಿಯವರು ಎನಿಸಿಕೊಂಡವರೆಲ್ಲ ಫೆಬ್ರವರಿಯಲ್ಲೇ ಓಟು ಕಳಿಸಿ ನಿರುಪಯೋಗಿಗಳಾಗಿದ್ದರು. ಟ್ಯಾಕ್ಸ್ ಕೊನೆಯ ದಿನ ಕಟ್ಟುವವರು, ಹುಟ್ಟುಹಬ್ಬಕ್ಕೆ ಮಾರನೆಯ ದಿನ ಬರುವವರು, ಅವರೇ ಈಗ ರತ್ನಗಳು. ಧಾರವಾಡದ ಯಜಮಾನರಿಗೆ ಫೋನ್ ಮಾಡಿದರೆ, "ನಂದು ಕಾರಿನ ಡಿಕ್ಕಿಯಾಗ ಐತ್ರಿ, ಲಕೋಟೆ ಒಡದಿಲ್ಲ" ಎಂದು ಹೆಮ್ಮೆಯಿಂದ ಹೇಳಿದರು.

ಮಂಗಳವಾರ ಬೆಳಗಿನಿಂದ ನನ್ನ ವ್ಯಾನ್ ಮತಗಟ್ಟೆಗೆ ಓಡಾಡಿತು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕೊರಳಿಗೆ ಆಫೀಸಿನ ಬ್ಯಾಡ್ಜ್ ತೂಗಿಸಿಕೊಂಡ ಇಂಜಿನಿಯರುಗಳು ಸಾಲಾಗಿ ನಿಂತು, ಒಬ್ಬೊಬ್ಬರೂ ಪಕ್ಷ ಬದಲಾಯಿಸಬೇಕು ಎಂದಾಗ ಅಲ್ಲಿದ್ದ ಹೆಂಗಸು ಪೆನ್ನು ಕೆಳಗಿಟ್ಟು, ಇವತ್ತು ನಿಮ್ಮಲ್ಲೇನಾದರೂ ಹಬ್ಬವೇ ಎಂದು ಕೇಳಿದಳು. ವ್ಯಾನಿಗೆ ನಾನು ಕಟ್ಟಿದ್ದ ದೊಡ್ಡ ಬೋರ್ಡನ್ನು ಮತಗಟ್ಟೆಯ ಹತ್ತಿರ ತರಬಾರದು ಎಂದು ಓಡಿಸಿದರು. ಆಚೆ ಬೀದಿಯಲ್ಲಿ ನಿಲ್ಲಿಸಿ ಎಲ್ಲರನ್ನೂ ನಡೆಸಿದೆ. ಆ ಸಾಲಿನ ಪಕ್ಕದಲ್ಲಿ ಧಾರವಾಡದ ಆಕೆ ಸುಮ್ಮನೆ ಬಂದು ನಿಂತಿದ್ದರು, ಓಟು ಆಗಲೇ ಕಳಿಸಿಬಿಟ್ಟವರು, ಕಣ್ಣಲ್ಲಿ ನೀರು.

ಗಂಡ ಲಕೋಟೆ ಬೀಸಿಕೊಳ್ಳುತ್ತ ಹೇಳಿದರು: "ಇಪ್ಪತ್ತು ವರ್ಷ ಬೈದೀಯಲ್ಲ, ಸೋಮಾರಿ ಅಂತ. ನೋಡೀಗ."

"ಒಳಗ ಹೋಗಿ ಸರಿಯಾಗಿ ಗುರುತ ಹಾಕ್ರಿ ಮದ್ಲ. ಅದನ್ನೂ ಮರ್ತ ಬಂದೀರಿ" ಎಂದರು ಆಕೆ.

ನೌಕಾಪಡೆಯ ದಢೂತಿಯೂ ಬಂದ. ತಾತನ ಫೋಟೋ ಜೇಬಿನಲ್ಲಿಟ್ಟುಕೊಂಡು ಬಂದಿದ್ದೇನೆ, ಅವನೂ ನೋಡಲಿ ಎಂದ.

ಇಲ್ಲಿ ಎಣಿಕೆ ವಾರಗಟ್ಟಲೆ ನಡೆಯುತ್ತದೆ. ಕೋವಿ ಅಂಕಲ್ ದಿನಾ ಮೀಸೆ ತಿರುವಿ ತಿರುವಿ ಒಂದು ಬದಿ ತೆಳ್ಳಗಾಯಿತು. ಕೊನೆಗೆ ಫಲಿತಾಂಶ ಬಂದಾಗ ಆ ಕ್ಷೇತ್ರದ ಕೊನೆಯ ಕುರ್ಚಿ ಅವರದು. ಅಂತರ ಎಷ್ಟೆಂದರೆ ನನ್ನ ವ್ಯಾನಿನಲ್ಲಿ ಬಂದವರಿಗಿಂತ ಕಡಿಮೆ. ಇದನ್ನು ನಾನು ಅಂದಿನಿಂದ ಇಂದಿನವರೆಗೆ ಸಿಕ್ಕವರಿಗೆಲ್ಲ ಹೇಳಿದ್ದೇನೆ, ನಿಮಗೂ ಹೇಳಿದೆ. ಟೀಚರೂ ಗೆದ್ದಿದ್ದರು, ಎಲ್ಲರಿಗಿಂತ ಮುಂದೆ.

ಬಂದೂಕಿನ ವಿಷಯ ಚರ್ಚೆಗೆ ಬಂದ ಮೊದಲ ಸಭೆಗೆ ನಾನು ಚೆಂಡುಹೂವಿನ ದೊಡ್ಡ ಹಾರವನ್ನು ಚೀಲದಲ್ಲಿ ಬಚ್ಚಿಟ್ಟುಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಅವರು ಎದ್ದು ಭಾಷಣ ಶುರು ಮಾಡುತ್ತಿದ್ದಂತೆ ನುಗ್ಗಿ ಹಾಕಬೇಕೆಂದು ಪ್ಲಾನು. ಎಷ್ಟೋ ಹೊತ್ತು ಬೇರೆಯವರು ಮಾತಾಡಿದರು. ಟೀಚರು ಚೆನ್ನಾಗಿ ಮಾತಾಡಿದರು. ಡೆಸ್ಕಿನ ಕೆಳಗೆ ಮಕ್ಕಳನ್ನು ಕೂರಿಸಿದ್ದನ್ನು ಹೇಳಿದಾಗ ಕೋವಿ ಅಂಕಲ್ ತಲೆ ಎತ್ತಲಿಲ್ಲ. ಆಮೇಲೆ ಇವರ ಸರದಿ. ಎರಡೇ ನಿಮಿಷ ಎಂದರು ಅಧ್ಯಕ್ಷೆ.

ಎದ್ದು ನಿಂತರು. ಭಾಷಣದ ಕಾಗದ ಮಡಿಸಿ ಜೇಬಿಗಿಟ್ಟರು. ಒಂದು ಪ್ರಶ್ನೆ ಕೇಳುತ್ತೇನೆ, ಉತ್ತರ ಹೇಳಲೇಬೇಕೆಂದಿಲ್ಲ ಎಂದರು. ಈ ರೂಮಿನಲ್ಲಿ ಯಾರ ಯಾರ ಮನೆಯಲ್ಲಿ ಬಂದೂಕು ಇದೆ?

ತಮ್ಮ ಕೈ ಎತ್ತಿ ನಿಂತರು. ಬೇರೆ ಯಾರ ಕೈಯೂ ಇಲ್ಲ. ಅವರ ಎರಡು ನಿಮಿಷ ಹಾಗೇ ಕರಗುತ್ತಿತ್ತು. ಹಾರ ತೆಗೆದು ಎದ್ದಿದ್ದ ನಾನು ಅಲ್ಲೇ ನಿಂತುಬಿಟ್ಟೆ.

ಆಗ ಟೀಚರು ಕೈ ಎತ್ತಿದರು, ಭುಜದವರೆಗೆ ಮಾತ್ರ. ನನ್ನ ಗಂಡನದು, ಅವರು ಹೋಗಿ ಮೂರು ವರ್ಷ, ಬಟ್ಟೆಯ ಕಪಾಟಿನ ಮೇಲೆ ಇದೆ, ಅದರಲ್ಲಿ ಗುಂಡು ಇದೆಯೋ ಇಲ್ಲವೋ ಗೊತ್ತಿಲ್ಲ, ನೋಡಲು ಭಯ ಎಂದರು. ಅವರ ಪಕ್ಕದವನ ಕೈ ಮೇಲೆ ಹೋಯಿತು. ಕಿಟಕಿಯ ಹತ್ತಿರ ಇನ್ನೊಂದು. ಆಮೇಲೆ ಅಲ್ಲೊಂದು ಇಲ್ಲೊಂದು. ಒಬ್ಬರನ್ನೊಬ್ಬರು ತಿರುಗಿ ನೋಡಿ, ನೀವೂನಾ ಎನ್ನುವ ಹಾಗೆ, ಅರ್ಧ ರೂಮು ಕೈ ಎತ್ತಿ ಕೂತಿತು. ಅಧ್ಯಕ್ಷೆ ಸಮಯ ಮುಗಿಯಿತು ಎನ್ನಲು ಎತ್ತಿದ್ದ ಕೈಯನ್ನು ಕೆಳಗಿಳಿಸದೆ ಹಾಗೇ ಹಿಡಿದುಕೊಂಡರು.

ಕೋವಿ ಅಂಕಲ್ ಟೀಚರ ಕಡೆ ಬಾಗಿ, ಭಾನುವಾರ ನಾನೇ ಮನೆಗೆ ಬಂದು ನೋಡುತ್ತೇನೆ, ಅಲ್ಲಿಯತನಕ ಮುಟ್ಟಬೇಡಿ ಎಂದರು. ಆಕೆ ತಲೆಯಾಡಿಸಿದರು. ಆಮೇಲೆ ಇವರು ಹಿಂದಕ್ಕೆ ತಿರುಗಿ, ಹಾರ ಹಿಡಿದುಕೊಂಡು ಎದ್ದು ನಿಂತಿದ್ದ ನನ್ನನ್ನು ನೋಡಿ, ಇಡೀ ಸಭೆಗೆ ಕೇಳುವ ಹಾಗೆ ಕನ್ನಡದಲ್ಲಿ ಹೇಳಿದರು:

"ಕೂತ್ಕೊಳ್ಳಿ ಯಜಮಾನ್ರೇ. ಬಂದೂಕಿನವ್ರು ಇಲ್ಲಿ ಮೊದ್ಲೇ ಇಷ್ಟು ಜನ ಇದ್ರು. ಸುಮ್ನೆ ನಿಮ್ಮ ವ್ಯಾನಿನ ಪೆಟ್ರೋಲ್ ದಂಡ."